ನಿಮಗಿದು ಗೊತ್ತೆ? ರೆಕ್ಕೆಯ ಕುರುಹೂ ಇಲ್ಲದ ಮೋವಾ

ನ್ಯೂಜಿಲೆಂಡ್‌ನಲ್ಲಿ ಬಾಳಿ ಅಳಿದುಹೋದ ಮೋವಾ ಹಕ್ಕಿಯ ಅಸ್ಥಿಪಂಜರದಲ್ಲಿ ರೆಕ್ಕೆಯ ಮೂಳೆಯೇ ಇಲ್ಲ! ಉಷ್ಟ್ರಪಕ್ಷಿ, ಎಮು ಹಕ್ಕಿಗಳಿಗೆ ಹಾರಲು ಬಾರದಿದ್ದರೂ ಮೊಟಕು ರೆಕ್ಕೆಗಳಾದರೂ ಉಂಟು.

● 1839ರಲ್ಲಿ ಬ್ರಿಟನ್ನಿನ ಅಂಗರಚನಾ ವಿಜ್ಞಾನಿ ರಿಚರ್ಡ್ ಓವನ್ ಮೋವಾದ ತೊಡೆಮೂಳೆಯ ಒಂದು ತುಂಡನ್ನು ಪರೀಕ್ಷಿಸಿಯೇ ಇದು ದೈತ್ಯ ಹಕ್ಕಿಯದೆಂದು ಸಾರಿದರು.

● ಮೋವಾಗಳಲ್ಲಿ ಡೈನಾರ್ನಿಸ್ ಕುಲದ ಹೆಣ್ಣು ಕತ್ತು ಚಾಚಿದರೆ ಸುಮಾರು 3.6 ಮೀಟರ್ ಎತ್ತರ. ತೂಕ 200 ಕಿಲೋಗೂ ಹೆಚ್ಚು. ಗಂಡು ತೀರಾ ಚಿಕ್ಕದು. ಹೀಗಾಗಿ ಅವನ್ನು ಬೇರೆ ಬೇರೆ ಪ್ರಭೇದಗಳೆಂದೇ ವಿಂಗಡಿಸಿದ್ದರು. 2003ರಲ್ಲಿ ಡಿಎನ್‌ಎ ಅಧ್ಯಯನ ಈ ಗೊಂದಲ ಬಗೆಹರಿಸಿತು.

● ಈಗ ಗುರುತಿಸಿರುವ ಮೋವಾ ಪ್ರಭೇದಗಳು ಒಂಬತ್ತು. ಇವುಗಳ ಹತ್ತಿರದ ಬಂಧು ಅದೇ ನಾಡಿನ ಕಿವಿ ಹಕ್ಕಿಯಲ್ಲ, ದಕ್ಷಿಣ ಅಮೆರಿಕದ ಹಾರಬಲ್ಲ ಟಿನಮೂ!

● ಮಾವೊರಿ ಜನ ಬಂದು ನೆಲೆಸಿದ ಒಂದೆರಡು ಶತಮಾನಗಳಲ್ಲೇ ಬೇಟೆಗೆ ಸಿಕ್ಕಿ ಇಡೀ ಸಂತತಿ ನಿರ್ನಾಮವಾಯಿತು.