ಸಂಸ್ಥೆಗಳು ಒಂದೆಡೆ ನೆರೆಯುವುದೇಕೆ?

ಲೋಕದ ಎಲ್ಲ ರಾಷ್ಟ್ರಗಳಿಗೂ ಸೇರಿದ ಮಹಾಸಂಸ್ಥೆಗಳು ಲೋಕದ ಉದ್ದಗಲಕ್ಕೂ ಸಮನಾಗಿ ಹರಡಿಕೊಂಡಿಲ್ಲ. ಆರೋಗ್ಯ, ಕಾರ್ಮಿಕರ ಹಿತ, ದೂರಸಂಪರ್ಕ, ವಾಣಿಜ್ಯ ಇವುಗಳನ್ನು ನೋಡಿಕೊಳ್ಳುವ ಕೇಂದ್ರ ಕಚೇರಿಗಳು ಸ್ವಿಟ್ಜರ್‌ಲೆಂಡಿನ ಜಿನೀವಾ ಎಂಬ ಒಂದೇ ಊರಿನಲ್ಲಿ ನೆರೆದಿವೆ. ಭೂಗೋಳ ಬೋಧಿಸುವ ಉಪಾಧ್ಯಾಯರಿಗೆ ಇದರ ಕಾರಣವನ್ನು ತಿಳಿಯುವ ಕುತೂಹಲ ಸಹಜ. ಸಂಸ್ಥೆಗಳು ವಿರಳವಾದ ಗಡಿನಾಡಿನಲ್ಲಿರುವ ನಮಗೆ ಈ ವಿಚಾರವು ಇನ್ನಷ್ಟು ಹತ್ತಿರದ್ದು.

1815ರಲ್ಲಿ ಯೂರೋಪಿನ ಪ್ರಬಲ ರಾಷ್ಟ್ರಗಳು ಸ್ವಿಟ್ಜರ್‌ಲೆಂಡಿನ ತಾಟಸ್ಥ್ಯವನ್ನು ಮಾನ್ಯಮಾಡಿದುವು. 1863ರಲ್ಲಿ ಜಿನೀವಾದ ಐವರು ನಾಗರಿಕರು ಕೂಡಿ, ಮುಂದೆ ರೆಡ್‌ಕ್ರಾಸ್ ಎಂದು ಪ್ರಸಿದ್ಧವಾದ ಸಮಿತಿಯನ್ನು ಸ್ಥಾಪಿಸಿದರು. ಮೊದಲ ಮಹಾಯುದ್ಧದ ತರುವಾಯ, 1920ರಲ್ಲಿ, ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಅಲ್ಲಿ ನೆಲಸಿದುವು. ರಾಷ್ಟ್ರಸಂಘವು 1946ರಲ್ಲಿ ಮುಗಿದರೂ ಅದರ ಭವನ ಬರಿದಾಗಲಿಲ್ಲ. ವಿಶ್ವಸಂಸ್ಥೆ ಅದನ್ನು ವಹಿಸಿಕೊಂಡಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಲ್ಲಿಯೇ ನಿಂತಿತು. ಅದೇ ವರ್ಷ ದೂರಸಂಪರ್ಕ ಸಂಸ್ಥೆಯು ಬರ್ನ್ ನಗರದಿಂದ ಅಲ್ಲಿಗೆ ಬಂದಿತು. ಸ್ವಿಟ್ಜರ್‌ಲೆಂಡ್ ತಾನೇ ವಿಶ್ವಸಂಸ್ಥೆಯ ಸದಸ್ಯನಾದುದು 2002ರಲ್ಲಿ ಎಂಬುದು ಗಮನಾರ್ಹ. ಮೊದಲ ಸಂಸ್ಥೆಗೆ ತಾಟಸ್ಥ್ಯವು ಆಕರ್ಷಣೆಯಾಯಿತು. ಅನಂತರದವಕ್ಕೆ ಮೊದಲಿನ ಸಂಸ್ಥೆಗಳೇ ಆಕರ್ಷಣೆಯಾದುವು. ಭಾಷಾಂತರಕಾರರು, ರಾಯಭಾರಿಗಳು, ಸಭಾಭವನಗಳು ಎಲ್ಲವೂ ಅಲ್ಲಿ ಸಿದ್ಧವಾಗಿರುವಾಗ ಹೊಸ ಸಂಸ್ಥೆಯು ಬೇರೆ ಊರನ್ನು ಏಕೆ ಅರಸೀತು?

ಇದೇ ನ್ಯಾಯವನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕೊಯಮತ್ತೂರಿನ ಪಶ್ಚಿಮ ಭಾಗದಲ್ಲಿ, ನಗರಸಭೆಯ ಅಧ್ಯಕ್ಷರಾಗಿದ್ದ ರತ್ನಸಭಾಪತಿ ಮೊದಲಿಯಾರರ ಹೆಸರನ್ನು ಹೊತ್ತ ಆರ್.ಎಸ್. ಪುರಂ ಎಂಬ ಬಡಾವಣೆ ಇದೆ. ಅಲ್ಲಿಯ ಅರಣ್ಯ ಇಲಾಖೆಯ ಆವರಣದಲ್ಲಿ 1902ರಲ್ಲಿ ಗ್ಯಾಸ್ ವಸ್ತುಸಂಗ್ರಹಾಲಯ ತೆರೆಯಿತು. 1906ರಲ್ಲಿ ಕೃಷಿಶಿಕ್ಷಣದ ಕೇಂದ್ರವು ಮದರಾಸಿನ ಸೈದಾಪೇಟೆಯಿಂದ ಕೊಯಮತ್ತೂರಿಗೆ ಬಂದು ಆ ಬಡಾವಣೆಯ ಮಗ್ಗುಲಲ್ಲಿ ನೆಲೆಗೊಂಡು, 1971ರಲ್ಲಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. 1912ರಲ್ಲಿ ಅರಣ್ಯ ಕಾಲೇಜೂ ಕಬ್ಬಿನ ತಳಿ ಸಂಸ್ಥೆಯೂ ಆರಂಭವಾದುವು. ಅರಣ್ಯ ತಳಿವಿಜ್ಞಾನದ ಕೇಂದ್ರ ಸಂಸ್ಥೆಯು ಆರ್.ಎಸ್. ಪುರಂ ಆವರಣದಲ್ಲಿಯೇ 1988ರಲ್ಲಿ ರೂಪುಗೊಂಡಿತು.

ಇಲ್ಲಿ ಮೊದಲ ಕಾರಣವನ್ನು ಒದಗಿಸಿದುದು ಪ್ರಕೃತಿ. ನೀಲಗಿರಿ, ಆನೆಮಲೆಗಳ ಕಾಡು ಸಮೀಪದಲ್ಲಿದ್ದುದರಿಂದ ಅರಣ್ಯಶಿಕ್ಷಣಕ್ಕೆ ಅನುಕೂಲವಾಯಿತು. ಉತ್ತರ ಭಾರತದ ಹೊಲಗಳಲ್ಲಿ ಕಬ್ಬು ಬೀಜ ಕಟ್ಟುವುದು ದುರ್ಲಭ. ಕೊಯಮತ್ತೂರಿನ ಹವೆಯಲ್ಲಿ ಅದು ಚೆನ್ನಾಗಿ ಸೂಲಂಗಿ ಹೊಡೆದು ಬೀಜ ಕಟ್ಟುತ್ತದೆ. ಬೀಜವಿಲ್ಲದೆ ತಳಿಸಂಕರವಿಲ್ಲ. ಆದಕಾರಣ ಪಂಜಾಬಿನ ರೈತನಿಗಾಗಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ಕೊಯಮತ್ತೂರಿನಲ್ಲಿ ದುಡಿದರು. ನಾಡಕಬ್ಬನ್ನೂ ಕಾಡುಜಾತಿಯ ಕಬ್ಬನ್ನೂ ಕೂಡಿಸಿ ಪಡೆದ ಸಿ.ಓ. 205 ಎಂಬ ತಳಿ 1918ರಲ್ಲಿ ಹೊರಬಂದಿತು. ಮಂಡ್ಯದ ರೈತರ ಬಾಯಲ್ಲಿ ಬಳಕೆಯಾದ ಸಿ.ಓ. 62175 ಎಂಬ ಹೆಸರಿನಲ್ಲಿಯೂ ‘ಸಿ.ಓ.’ ಎಂಬುದು ಕೊಯಮತ್ತೂರಿನದೇ ಗುರುತು. ಕೃಷಿ, ಕಬ್ಬು, ಅರಣ್ಯ ಮೂರೂ ನೆರೆಹೊರೆಯಾದಾಗ ಗ್ರಂಥಭಂಡಾರ, ಪ್ರಯೋಗಶಾಲೆ, ವಿದ್ವಾಂಸರ ಸಹವಾಸ ಪರಸ್ಪರ ಒದಗುವುವು. ನೌಕರರ ಮಕ್ಕಳಿಗೆ ಶಾಲೆ, ಸಂಸಾರಗಳಿಗೆ ಮನೆ ಇರುವ ಕಡೆಗೆ ಮತ್ತಷ್ಟು ಮಂದಿ ಬರುವರು.

ಆದರೆ ಉಳ್ಳೆಡೆಗೇ ಮತ್ತೆ ಮತ್ತೆ ಸೇರುವುದು ನ್ಯಾಯವೆ? ಈ ಶಂಕೆಯು ಲೋಕದಲ್ಲಿಯೂ ಎದ್ದಿತು. 1972ರಲ್ಲಿ ವಿಶ್ವಸಂಸ್ಥೆಯು ತನ್ನ ಪರಿಸರ ಸಂಸ್ಥೆಯನ್ನು ಕೀನ್ಯಾದ ನೈರೋಬಿಯಲ್ಲಿರಿಸಲು ನಿಶ್ಚಯಿಸಿತು. ಕೆಲವೇ ವರ್ಷಗಳಲ್ಲಿ ಮಾನವವಸತಿಯ ಸಂಸ್ಥೆಯೂ ಅದರ ಜೊತೆ ಸೇರಿತು. ಮೊದಲ ಕಲ್ಲನ್ನು ಸಂಕಲ್ಪದಿಂದಲೂ ಇಡಬಹುದೆಂಬುದಕ್ಕೆ ಇದು ನಿದರ್ಶನ.

ಈಗ ನಮ್ಮ ಸೀಮೆಯನ್ನು ನೋಡೋಣ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ಕನ್ನಡ ನುಡಿಯುವ ತಾಳವಾಡಿ ಇಂದಿಗೂ ತಮಿಳುನಾಡಿನಲ್ಲಿದೆ. ಎರಡೂ ರಾಜಧಾನಿಗಳಿಗೆ ದೂರವಾದ ಈ ಮಲೆಸೀಮೆಗೆ ಸಂಸ್ಥೆಗಳು ತಾವಾಗಿ ಬರಲಾರವು. ಕಬ್ಬಿಗೆ ಕೊಯಮತ್ತೂರು ಹೇಗೋ, ಮಲೆಯ ಮಹದೇಶ್ವರ, ಮಂಟೇಸ್ವಾಮಿ ಇವರ ಕಥೆ ಹಾಡುವ ಕಂಸಾಳೆಯವರಿಗೂ ನೀಲಗಾರರಿಗೂ ಈ ಸೀಮೆ ಹಾಗೆ. ಆ ಹಾಡುಗಾರಿಕೆ ಬೀಜ ಕಟ್ಟುವ ನೆಲ ಇದು. ಅದರ ಅಭ್ಯಾಸಕ್ಕೆ ವಿದ್ವಾಂಸರು ಇಲ್ಲಿಗೇ ಬರಬೇಕು. ಒಂದು ಶಾಲೆಯ ಒಂದು ಬೀರುವಿನಲ್ಲಿ ಹಾಡುಗಳ ಧ್ವನಿಮುದ್ರಣ, ಊರೂರಿನ ಐತಿಹ್ಯ, ಎರಡು ಭಾಷೆಗಳ ಹಳೆಯ ಕಾಗದಪತ್ರ ಇವನ್ನು ಕ್ರಮವಾಗಿ ಸಂಗ್ರಹಿಸಿಟ್ಟರೆ ಅದೇ ಮೊದಲ ಕಲ್ಲಾದೀತು. ಹಾಡುವ ವೃದ್ಧರು ವರ್ಷೇವರ್ಷೇ ಕಡಮೆಯಾಗುತ್ತಿರುವರು. ಆದುದರಿಂದ ಉಪಾಧ್ಯಾಯ ಬಂಧುಗಳು ಈ ವರ್ಷವೇ ಕೆಲಸಕ್ಕೆ ತೊಡಗಬೇಕೆಂದು ನಮ್ಮ ಪ್ರಾರ್ಥನೆ.