ಬೈಸಿಕಲ್ಲು: ಕುಲುಮೆಯಿಂದ ಹೆದ್ದಾರಿಗೆ

ಮನುಷ್ಯನು ತನ್ನ ಉಪಯೋಗಕ್ಕಾಗಿ ನಿರ್ಮಿಸಿಕೊಂಡ ಯಂತ್ರಗಳಲ್ಲಿ ಬೈಸಿಕಲ್ಲಿನಷ್ಟು ವಿನಯಶಾಲಿಯಾದುದು ಮತ್ತೊಂದು ಇರಲಾರದು. ಅದು ಇಂಧನ ಕೇಳುವುದಿಲ್ಲ, ಮೇವು ಕೇಳುವುದಿಲ್ಲ. ಗೋಡೆಗೆ ಒರಗಿಸಿದರೆ ಸುಮ್ಮನೆ ನಿಲ್ಲುತ್ತದೆ. ಏರಿದವನ ಕಾಲಿನ ಬಲವನ್ನೇ ವೇಗವಾಗಿ ಮಾರ್ಪಡಿಸಿ ಅವನಿಗೆ ಹಿಂದಿರುಗಿಸುತ್ತದೆ. ಈ ವಿನಯದ ದೆಸೆಯಿಂದಲೋ ಏನೋ, ಅದರ ಹಿಂದೆ ಎಷ್ಟು ಜನರ ಬುದ್ಧಿ, ಬೆವರು, ಕಣ್ಣೀರು ಇವೆಯೆಂಬುದನ್ನು ನಾವು ಯೋಚಿಸುವುದಿಲ್ಲ. ಸೈಕಲ್ಲಿನಿಂದ ಯಾರಾದರೂ ಬಿದ್ದರೆ, “ನೋಡಿಕೊಂಡು ಹೋಗಬಾರದಿತ್ತೆ?” ಎಂದು ಕೇಳಿ ಮುಗಿಸಿಬಿಡುತ್ತೇವೆ. ಸುರಕ್ಷತೆಯೆಂಬುದು ಸವಾರನೊಬ್ಬನ ಎಚ್ಚರಕ್ಕೆ ಬಿಟ್ಟ ಮಾತು ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈ ಯಂತ್ರದ ಇನ್ನೂರು ವರ್ಷಗಳ ಚರಿತ್ರೆಯಾದರೋ ಬೇರೆಯೇ ಸಾಕ್ಷ್ಯವನ್ನು ನುಡಿಯುತ್ತದೆ. ಅಲ್ಲಿ ಮೂರು ಬಗೆಯ ಜನರು ನಮಗೆ ಎದುರಾಗುತ್ತಾರೆ: ಕುಲುಮೆಯ ಮುಂದೆ ಕುಳಿತ ಕುಶಲಕರ್ಮಿ, ಕಣಕ್ಕಿಳಿದ ಪಂದ್ಯಗಾರ, ಹಾದಿಯ ಮೇಲೆ ತನ್ನ ಹಕ್ಕನ್ನು ಕೇಳಿದ ಸಾಮಾನ್ಯ ನಾಗರಿಕ. ಇಂದಿನ ಬೈಸಿಕಲ್ಲು ಈ ಮೂವರ ನಡುವೆ ನಡೆದ ದೀರ್ಘ ಸಂವಾದದ ಫಲ.

ಹೆಸರಿನಲ್ಲೇ ಅಭಯ

ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ೧೮೧೭ರಲ್ಲಿ ಎರಡು ಗಾಲಿಗಳ ಮರದ ವಾಹನವೊಂದನ್ನು ಏರಿ ಹೊರಟಾಗ, ಅದಕ್ಕೆ ಪೆಡಲುಗಳಿರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. ೧೮೬೦ರ ದಶಕದಲ್ಲಿ ಪ್ಯಾರಿಸಿನ ಕಾರ್ಖಾನೆಗಳಲ್ಲಿ ಮುಂದಿನ ಗಾಲಿಗೆ ಪೆಡಲು ಕೂಡಿತು. ಆದರೆ ಅದರೊಡನೆ ಒಂದು ತೊಡಕೂ ಬಂದಿತು. ಪೆಡಲು ಗಾಲಿಗೇ ನೇರವಾಗಿ ಅಂಟಿಕೊಂಡಿದ್ದರೆ, ಕಾಲು ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ವೇಗ ಹೆಚ್ಚಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. ಹೀಗಾಗಿ ೧೮೭೦ರ ದಶಕದಲ್ಲಿ ಮುಂದಿನ ಗಾಲಿ ಬೆಳೆಯುತ್ತ ಬೆಳೆಯುತ್ತ ಐದಡಿಯವರೆಗೂ ಏರಿತು. ಹಿಂದಿನದು ಆನೆಯ ಬಾಲದಂತೆ ಚಿಕ್ಕದಾಗಿ ಉಳಿಯಿತು. ಸವಾರನು ಆ ಎತ್ತರದ ನೆತ್ತಿಯಲ್ಲಿ ಕುಳಿತಿರುತ್ತಿದ್ದ. ದಾರಿಯ ಮೇಲಿನ ಒಂದು ಕಲ್ಲು ಸಾಕು, ಅವನು ಹ್ಯಾಂಡಲಿನ ಮೇಲಿಂದ ತಲೆಕೆಳಗಾಗಿ ಮುಂದಕ್ಕೆ ಉರುಳುತ್ತಿದ್ದ. ಎಳೆಯ ವಯಸ್ಸಿನ ಸಾಹಸಿಗಳಿಗಲ್ಲದೆ ಉಳಿದವರಿಗೆ ಅದು ದೂರದ ಮಾತಾಗಿತ್ತು.

ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ೧೮೮೫ರಲ್ಲಿ ‘ರೋವರ್’ ಎಂಬ ಬೈಸಿಕಲ್ಲನ್ನು ಹೊರತಂದ. ಎರಡು ಗಾಲಿಗಳೂ ಹೆಚ್ಚು ಕಡಮೆ ಒಂದೇ ಅಳತೆಯವು, ಪೆಡಲು ನಡುವೆ, ಅಲ್ಲಿಂದ ಹಿಂದಿನ ಗಾಲಿಗೆ ಚೈನು. ಮುಂದಿನ ಹಲ್ಲುಚಕ್ರಕ್ಕೆ ೪೪ ಹಲ್ಲು, ಹಿಂದಿನದಕ್ಕೆ ೨೨ ಹಲ್ಲು ಇದ್ದರೆ, ಕಾಲಿನ ಒಂದು ಸುತ್ತಿಗೆ ಗಾಲಿ ಎರಡು ಸುತ್ತು ಓಡುತ್ತದೆ. ವೇಗಕ್ಕೂ ಗಾಲಿಯ ಎತ್ತರಕ್ಕೂ ಇದ್ದ ನಂಟು ಇಲ್ಲಿಗೆ ಹರಿಯಿತು. ಸವಾರನ ಕಾಲು ಮತ್ತೆ ನೆಲಕ್ಕೆ ಎಟುಕಿತು. ಇಂಥ ವಾಹನಕ್ಕೆ ಇಂಗ್ಲಿಷ್ ಜನ ಇಟ್ಟ ಹೆಸರು ‘ಸೇಫ್ಟಿ’. ಇಂದು ನಾವು ಏರುವ ಬೈಸಿಕಲ್ಲುಗಳೆಲ್ಲ ಅದರ ಸಂತತಿ. ೧೮೯೦ರ ದಶಕದಲ್ಲಿ ಯೂರೋಪು ಅಮೆರಿಕಗಳ ಹೆಂಗಸರೂ ಹಿರಿಯರೂ ಬೈಸಿಕಲ್ಲನ್ನು ಏರಿ ಹೊರಟರೆಂದರೆ, ಆ ಧೈರ್ಯವನ್ನು ಕೊಟ್ಟದ್ದು ಈ ಹೊಸ ರಚನೆಯೇ. ಎಚ್ಚರದಿಂದಿರಿ ಎಂಬ ಉಪದೇಶದಿಂದ ಆಗದ ಕೆಲಸವನ್ನು ಹಲ್ಲುಚಕ್ರವೂ ಚೈನೂ ಮಾಡಿದವು.

ಕಡ್ಡಿಗಳ ಬಿಗಿತ

ಸುರಕ್ಷತೆಯ ಇನ್ನೊಂದು ಗುಟ್ಟು ಗಾಲಿಯ ಕಡ್ಡಿಗಳಲ್ಲಿದೆ. ಎತ್ತಿನಗಾಡಿಯ ಚಕ್ರದ ಮರದ ಅರಗಳು ಕಂಬಗಳಂತೆ. ಕೆಳಗಿನ ಅರದ ಮೇಲೆ ಭಾರ ಕುಳಿತಿರುತ್ತದೆ. ಬೈಸಿಕಲ್ಲಿನ ಕಡ್ಡಿಯಾದರೋ ಸುಮಾರು ಎರಡು ಮಿಲಿಮೀಟರು ದಪ್ಪದ ಉಕ್ಕಿನ ತಂತಿ. ಕಂಬದಂತೆ ನಿಲ್ಲಿಸಿ ಅದರ ಮೇಲೆ ಭಾರ ಹೇರಿದರೆ ಬಾಗಿ ಹೋದೀತು. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಸವಾರನ ಭಾರ ಬಿದ್ದಾಗ ಕೆಳಗಿನ ಕೆಲವು ಕಡ್ಡಿಗಳ ಬಿಗಿತ ತುಸು ಸಡಿಲುತ್ತದೆ. ಆದರೂ ಪೂರಾ ಸಡಿಲುವುದಿಲ್ಲ. ಉಳಿದ ಆ ಬಿಗಿತವೇ ಗಾಲಿಯನ್ನು ದುಂಡಗೆ ಹಿಡಿದಿರುತ್ತದೆ. ಫ್ರಾನ್ಸಿನ ಯೂಜೀನ್ ಮೆಯೆರ್ ೧೮೬೯ರಲ್ಲಿ ಇಂಥ ತಂತಿಯ ಗಾಲಿಯನ್ನು ಮಾಡಿದ. ಜಾನ್ ಕೆಂಪನ ಚಿಕ್ಕಪ್ಪ ಜೇಮ್ಸ್ ಸ್ಟಾರ್ಲಿ ೧೮೭೪ರಲ್ಲಿ ಕಡ್ಡಿಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ತುಳಿತದ ಬಲವನ್ನು ಹಬ್ಬಿನಿಂದ ಗಾಲಿಯ ಅಂಚಿಗೆ ಮುಟ್ಟಿಸಲು ಆ ಓರೆಯೇ ಅನುಕೂಲ.

ನಮ್ಮ ಊರುಗಳಲ್ಲಿ ಬಹುಕಾಲ ಓಡಾಡಿದ ಕರಿಯ ಸೈಕಲ್ಲಿನ ಮುಂದಿನ ಗಾಲಿಗೆ ೩೨ ಕಡ್ಡಿ, ಹಿಂದಿನದಕ್ಕೆ ೪೦. ಗಾಲಿ ಗುಂಡಿಯಲ್ಲಿ ಬಿದ್ದು ಸೊಟ್ಟಗಾದಾಗ ನಾವು ಅದನ್ನು ಸೈಕಲ್ ಅಂಗಡಿಯವನ ಬಳಿಗೆ ‘ಬೆಂಡು ತೆಗೆಸಲು’ ಒಯ್ಯುತ್ತಿದ್ದೆವು. ಅವನು ಗಾಲಿಯನ್ನು ತಿರುಗಬಿಟ್ಟು ಕಣ್ಣು ಕಿರಿದು ಮಾಡಿ ನೋಡುವನು. ರಿಮ್ಮು ಬಲಕ್ಕೆ ವಾಲಿದಲ್ಲಿ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ, ಬಲಗಡೆಯದನ್ನು ಅಷ್ಟೇ ಸಡಿಲಿಸುವನು. ನಡುನಡುವೆ ಬೆರಳಿನಿಂದ ಕಡ್ಡಿಯನ್ನು ಮೀಟಿ, ತಂಬೂರಿಯ ಶ್ರುತಿ ಕೂಡಿಸುವವನಂತೆ ನಾದವನ್ನು ಆಲಿಸುವನು. ಬಿಗಿಯಾದ ಕಡ್ಡಿಯ ದನಿ ಏರು, ಸಡಿಲಾದುದರ ದನಿ ಇಳಿ. ಭೌತಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ಹೇಳುವ ತಂತಿಯ ನಿಯಮವನ್ನು ಅವನ ಕಿವಿ ಬಲ್ಲದು. ನೂರು ಕಿಲೋ ಭಾರವನ್ನು ಹೊತ್ತು ಇಳಿಜಾರಿನಲ್ಲಿ ಓಡುವ ಗಾಲಿ ಮುರಿಯದಿರುವುದು ಇಂಥ ಅನಾಮಧೇಯರ ಕಿವಿ, ಕೈಗಳ ಪುಣ್ಯ.

ಕಣದ ಪರೀಕ್ಷೆ

ಕುಲುಮೆಯಲ್ಲಿ ಹುಟ್ಟಿದ್ದು ನಿಜವಾಗಿ ಗಟ್ಟಿಯೆ, ಪೊಳ್ಳೆ ಎಂಬುದು ಕಣದಲ್ಲಿ ತಿಳಿಯುತ್ತದೆ. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ೧೮೮೮ರಲ್ಲಿ ಗಾಳಿ ತುಂಬಿದ ಟೈರನ್ನು ರಚಿಸಿದ. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಅದೇ ತತ್ತ್ವವನ್ನು ಕಂಡುಕೊಂಡಿದ್ದನಾದರೂ ಆಗ ಅದನ್ನು ಕೇಳುವವರಿರಲಿಲ್ಲ. ಉಬ್ಬಿದ ಆ ಟೈರುಗಳು ನೋಡುವವರಿಗೆ ನಗೆಯನ್ನೇ ತರಿಸುವಂತಿದ್ದವು. ಆದರೆ ೧೮೮೯ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲಿಯಂ ಹ್ಯೂಮ್ ಎಂಬ ಸವಾರ ಅವುಗಳ ಮೇಲೆ ಕುಳಿತು ಗೆಲುವಿನ ಮೇಲೆ ಗೆಲುವು ಸಾಧಿಸಿದ. ಮಗುವಿನ ಸುಖಕ್ಕಾಗಿ ಹುಟ್ಟಿದ ವಸ್ತು ಪಂದ್ಯದಲ್ಲಿ ಗೆದ್ದು ಲೋಕದ ಸೊತ್ತಾಯಿತು.

ಆದರೆ ಪಂದ್ಯದ ಲೋಕಕ್ಕೆ ಇನ್ನೊಂದು ಮುಖವೂ ಇತ್ತು. ‘ಲೋಟೊ’ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ೧೯೦೩ರಲ್ಲಿ ಆರಂಭಿಸಿದ ‘ಟೂರ್ ದ ಫ್ರಾನ್ಸ್’ ಸ್ಪರ್ಧೆಯ ಆದರ್ಶ, ಸವಾರನು ಏಕಾಂಗಿಯಾಗಿ ಎಲ್ಲವನ್ನೂ ಗೆಲ್ಲಬೇಕೆಂಬುದು. ೧೯೧೩ರಲ್ಲಿ ಗೆಲ್ಲುವ ಭರವಸೆಯಲ್ಲಿದ್ದ ಯೂಜೀನ್ ಕ್ರಿಸ್ತೋಫನ ಸೈಕಲ್ಲಿನ ಮುಂದಿನ ಕವೆ ಪಿರೆನೀಸ್ ಪರ್ವತದ ತೂರ್ಮಲೆ ಕಣಿವೆಯ ಇಳಿಜಾರಿನಲ್ಲಿ ಮುರಿಯಿತು. ಬೇರೆಯವರ ಸಹಾಯ ಪಡೆಯುವಂತಿಲ್ಲವೆಂಬುದು ನಿಯಮ. ಕ್ರಿಸ್ತೋಫ್ ಸೈಕಲ್ಲನ್ನು ಹೆಗಲಿಗೇರಿಸಿ ಕಿಲೋಮೀಟರುಗಟ್ಟಲೆ ನಡೆದು, ಸೇಂಟ್ ಮಾರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಯನ್ನು ಮುಟ್ಟಿದ. ಮೊದಲು ಬೀಗದ ಕೆಲಸ ಕಲಿತಿದ್ದವನಾದ್ದರಿಂದ ತಾನೇ ಕಬ್ಬಿಣ ಕಾಯಿಸಿ ಕವೆಯನ್ನು ಬೆಸೆದ. ತನಿಖೆಯ ಅಧಿಕಾರಿಗಳು ಎದುರಿಗೇ ನಿಂತಿದ್ದರು. ಗಂಟೆಗಟ್ಟಲೆ ಕಾಲ ಹೋಯಿತು, ಗೆಲುವೂ ಹೋಯಿತು. ಇಷ್ಟಾದ ಮೇಲೆ, ತಿದಿಯೂದಲು ಒಬ್ಬ ಹುಡುಗನ ನೆರವು ಪಡೆದನೆಂದು ಅವನಿಗೆ ದಂಡವನ್ನೂ ವಿಧಿಸಿದರು!

ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಅದು ಛಲದ ಕಥೆಯೇ ಸರಿ. ಆದರೆ ನನ್ನ ಮನಸ್ಸನ್ನು ಕಲಕುವುದು ಆ ಹುಡುಗನ ತಿದಿ. ಯಾವ ಕುಲುಮೆಯೂ ಒಬ್ಬನಿಂದಲೇ ಉರಿಯುವುದಿಲ್ಲ. ಕವೆ ಮುರಿದದ್ದು ಸವಾರನ ಅಜಾಗರೂಕತೆಯಿಂದ ಎನ್ನುವ ಹಾಗಿರಲಿಲ್ಲ. ಆದರೂ ಹೊಣೆಯೆಲ್ಲವೂ ಅವನದೇ ಎಂಬುದು ನಿಯಮದ ಒಳದನಿ. ಅದೇ ದನಿಯನ್ನು ನಾವು ಇಂದಿಗೂ ಬೀದಿಯಲ್ಲಿ ಕೇಳುತ್ತಿದ್ದೇವೆ.

ಕುಶಲಕರ್ಮಿಯೂ ಪಂದ್ಯಗಾರನೂ ಒಬ್ಬನೇ ಆದ ನಿದರ್ಶನ ನಮ್ಮ ಕಾಲಕ್ಕೆ ಸಮೀಪದಲ್ಲೇ ಇದೆ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾನೇ ಕಟ್ಟಿದ ಸೈಕಲ್ಲಿಗೆ ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಜೋಡಿಸಿಕೊಂಡು, ೧೯೯೩ರ ಜುಲೈಯಲ್ಲಿ ನಾರ್ವೆಯ ಹಾಮಾರಿನಲ್ಲಿ ಒಂದು ಗಂಟೆಗೆ ೫೧.೫೯೬ ಕಿಲೋಮೀಟರು ಕ್ರಮಿಸಿದ. ಇಟಲಿಯ ಫ್ರಾಂಚೆಸ್ಕೊ ಮೋಸೆರ್ ೧೯೮೪ರಲ್ಲಿ ಸ್ಥಾಪಿಸಿದ್ದ ದಾಖಲೆ ಮುರಿಯಿತು. ಒಂದು ವಾರದೊಳಗೆ ಕ್ರಿಸ್ ಬೋರ್ಡ್‌ಮನ್ ಅದನ್ನೂ ದಾಟಿದನೆನ್ನಿ. ಆದರೂ ತನ್ನ ಕೈಯಿಂದಲೇ ತನ್ನ ಉಪಕರಣವನ್ನು ಕಟ್ಟಿಕೊಂಡವನ ಆ ಒಂದು ಗಂಟೆಯನ್ನು ಕ್ರೀಡಾಲೋಕ ಮರೆತಿಲ್ಲ.

ಶಿರಸ್ತ್ರಾಣದ ವಿಷಯದಲ್ಲಿ ಪಂದ್ಯಗಾರರು ಬಹಳ ಕಾಲ ಒಪ್ಪದೆ ನಿಂತಿದ್ದರು. ೧೯೯೧ರಲ್ಲಿ ಅದನ್ನು ಕಡ್ಡಾಯ ಮಾಡಲು ಹೊರಟಾಗ ‘ಪ್ಯಾರಿಸ್–ನೀಸ್’ ಪಂದ್ಯದಲ್ಲಿ ಸವಾರರು ಪ್ರತಿಭಟಿಸಿ ಆ ನಿಯಮವನ್ನು ಹಿಂದಕ್ಕೆ ತೆಗೆಸಿದರು. ಒಲಿಂಪಿಕ್ ವಿಜೇತ ಫಾಬಿಯೊ ಕಸಾರ್ತೆಲಿ ೧೯೯೫ರ ಟೂರಿನಲ್ಲಿ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡ. ೨೦೦೩ರಲ್ಲಿ, ಅದೇ ‘ಪ್ಯಾರಿಸ್–ನೀಸ್’ ಪಂದ್ಯದಲ್ಲಿ ಬಿದ್ದ ಕಝಾಕ್‌ಸ್ತಾನದ ಆಂದ್ರೇ ಕಿವಿಲೆವ್ ಮರಣಹೊಂದಿದ ಮೇಲೆ ಶಿರಸ್ತ್ರಾಣ ಕಡ್ಡಾಯವಾಯಿತು. ಒಂದು ನಿಯಮಕ್ಕೆ ಎಷ್ಟು ಬೆಲೆ!

ಹಾದಿಯೂ ಒಂದು ಶಿಲ್ಪ

ಪಂದ್ಯದ ಸವಾರನಿಗೆ ಶಿರಸ್ತ್ರಾಣ ಸರಿ. ಶಾಲೆಗೆ ಹೊರಟ ಮಗುವಿಗೆ? ಲಾರಿಯ ಮುಂದೆ ಅದು ಎಷ್ಟರ ಮಟ್ಟಿನ ರಕ್ಷೆ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ನೆದರ್ಲೆಂಡ್ಸಿನ ತಂದೆತಾಯಿಗಳು. ಆ ದೇಶ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವಾಗಿತ್ತೆಂದು ತಿಳಿಯುವುದು ತಪ್ಪು. ಎರಡನೆಯ ಮಹಾಯುದ್ಧದ ಬಳಿಕ ಅಲ್ಲಿಯೂ ಮೋಟಾರುಗಳು ಹೆಚ್ಚಿದವು, ಬೀದಿಗಳು ಅವುಗಳ ವಶವಾದವು. ೧೯೭೧ರಲ್ಲಿ ಸುಮಾರು ೩,೩೦೦ ಜನ ರಸ್ತೆಗಳಲ್ಲಿ ಸತ್ತರು. ಅವರಲ್ಲಿ ೪೦೦ಕ್ಕೂ ಹೆಚ್ಚು ಮಂದಿ ಮಕ್ಕಳು. ತನ್ನ ಮಗಳನ್ನು ಹೀಗೆ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ೧೯೭೨ರಲ್ಲಿ ಒಂದು ಲೇಖನ ಬರೆದ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅದರ ಶಿರೋನಾಮೆಯೇ ಒಂದು ಚಳವಳಿಯ ಹೆಸರಾಯಿತು. ಜನ ಬೀದಿಗಳನ್ನು ಅಡ್ಡಗಟ್ಟಿ ಮಕ್ಕಳಿಗೆ ಆಡಲು ಬಿಟ್ಟರು. ೧೯೭೩ರ ತೈಲದ ಬಿಕ್ಕಟ್ಟಿನಲ್ಲಿ ಕೆಲವು ಭಾನುವಾರ ಮೋಟಾರುಗಳು ನಿಂತಾಗ, ಬೀದಿ ಹೇಗಿರಬಹುದೆಂಬುದನ್ನು ಇಡೀ ದೇಶ ಕಣ್ಣಾರೆ ಕಂಡಿತು.

ಅಲ್ಲಿಂದ ಮುಂದೆ ಕುಶಲಕರ್ಮಿಯ ಬುದ್ಧಿ ಬೀದಿಗೇ ಇಳಿಯಿತು. ಸೈಕಲ್ಲಿನ ಹಾದಿಯನ್ನು ಮೋಟಾರಿನ ಹಾದಿಯಿಂದ ಅಂಚುಕಟ್ಟಿ ಬೇರ್ಪಡಿಸಿದರು. ಅದಕ್ಕೆ ಕೆಂಪು ಬಣ್ಣ ಕೊಟ್ಟರು. ಅಡ್ಡಬೀದಿ ಸೇರುವಲ್ಲಿ ನೆಲವನ್ನು ತುಸು ಎತ್ತರಿಸಿ, ಮೋಟಾರು ತಾನಾಗಿ ನಿಧಾನಿಸುವಂತೆ ಮಾಡಿದರು. ಚಾಲಕನ ಒಳ್ಳೆಯತನವನ್ನು ನಂಬಿ ಕೂಡದೆ, ಒಳ್ಳೆಯತನ ಅನಿವಾರ್ಯವಾಗುವಂತೆ ಹಾದಿಯನ್ನು ಕಟ್ಟಿದರು. ೨೦೨೩ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು ೬೮೪ ಮಂದಿ. ಅವರಲ್ಲಿ ೨೭೦ ಮಂದಿ ಸೈಕಲ್ ಸವಾರರು, ಬಹುಮಂದಿ ವೃದ್ಧರು ಎಂಬುದನ್ನೂ ಮರೆಯಬಾರದು. ಕೆಲಸ ಮುಗಿಯಿತೆಂದು ಅಲ್ಲಿನವರೂ ಹೇಳುತ್ತಿಲ್ಲ.

ನಮ್ಮ ಪಾಲಿನ ಕೆಲಸ

ಈ ಮಾತುಗಳೆಲ್ಲ ನಮಗೆ ಹೊರಗಿನವಲ್ಲ. ವಿಜಯಪುರ, ಬಾಗಲಕೋಟೆ ಸೀಮೆಗಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧಿಗಳನ್ನು ನಾಡಿಗೆ ಕೊಟ್ಟಿವೆ. ರೈತರ ಮಕ್ಕಳು ಮುಂಜಾನೆಯ ನಸುಕಿನಲ್ಲಿ ಹೆದ್ದಾರಿಯನ್ನೇ ಅಭ್ಯಾಸದ ಕಣ ಮಾಡಿಕೊಂಡು, ಲಾರಿಗಳ ಪಕ್ಕದಲ್ಲಿ ಮೈ ಬಗ್ಗಿಸಿ ತುಳಿದವರು. ೨೦೦೬–೦೭ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯಿಂದ ಹಳ್ಳಿಗೆ, ಮನೆಯಿಂದ ಹೈಸ್ಕೂಲಿಗೆ ಇದ್ದ ದೂರವನ್ನು ಆ ಗಾಲಿಗಳು ಕಿರಿದು ಮಾಡಿದವು. ೨೦೧೭ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಬಂದಿತು.

ಸೈಕಲ್ಲು ಕೊಟ್ಟೆವು; ಹಾದಿಯನ್ನು ಕೊಟ್ಟೆವೆ? ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ ೧,೬೮,೪೯೧ ಜನರಲ್ಲಿ ೪,೮೦೦ಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಅವರೆಲ್ಲ ನೋಡಿಕೊಂಡು ಹೋಗಲಿಲ್ಲವೆಂದು ಹೇಳುವ ಎದೆ ಯಾರಿಗಿದೆ? ಎಚ್ಚರ ಬೇಡವೆಂದು ಯಾರೂ ಹೇಳರು; ರಾತ್ರಿ ದೀಪ ಬೇಕು, ಬ್ರೇಕು ಬಿಗಿ ಇರಬೇಕು, ಬದಿ ನೋಡಿ ತಿರುಗಬೇಕು. ಆದರೆ ಸವಾರನ ಎಚ್ಚರ ಗಾಲಿಯ ಒಂದು ಕಡ್ಡಿ ಮಾತ್ರ. ತಯಾರಿಸುವವನ ಪ್ರಾಮಾಣಿಕತೆ, ರಸ್ತೆ ಕಟ್ಟುವವನ ವಿವೇಕ, ಮೋಟಾರು ನಡೆಸುವವನ ಸಂಯಮ, ಕಾನೂನಿನ ನಿಷ್ಪಕ್ಷಪಾತ, ಇವು ಉಳಿದ ಕಡ್ಡಿಗಳು. ಒಂದನ್ನೇ ಬಿಗಿ ಮಾಡುತ್ತ ಹೋದರೆ ಗಾಲಿ ಸೊಟ್ಟಗಾಗುವುದೆಂದು ಸೈಕಲ್ ಅಂಗಡಿಯವನು ಬಲ್ಲ. ಎಲ್ಲವನ್ನೂ ಒಂದೊಂದಾಗಿ ಮೀಟಿ, ಸಡಿಲಾದುದನ್ನು ಬಿಗಿಗೊಳಿಸುವ ಕೆಲಸ ನಮ್ಮ ಬೀದಿಗಳಲ್ಲಿ ಇನ್ನೂ ಉಳಿದಿದೆ.