ಬಿ.ಪಿ. ಇರುವವರು ನೋವಿನ ಮಾತ್ರೆ ಕೊಳ್ಳುವ ಮುನ್ನ

ಕಳೆ ಕಿತ್ತು ಸೊಂಟ ಹಿಡಿದಾಗ ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳುವ ರೈತ ಬಾಂಧವರೇ, ನಿಮಗೆ ರಕ್ತದೊತ್ತಡವಿದ್ದರೆ ಅದನ್ನು ಮೊದಲು ಹೇಳಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಒತ್ತಡವನ್ನು ಏರಿಸಬಲ್ಲವು. ದಿನವೂ ನುಂಗಿದರೆ ಮೂತ್ರಪಿಂಡಕ್ಕೂ ಕೇಡು. ಪ್ಯಾರಾಸಿಟಮಾಲ್ ಸಾಕಾಗುವುದೇ ಎಂದು ವಿಚಾರಿಸಿ. ಅಂಗಡಿಯವರು ಪರಿಚಿತರೇ ಆದರೂ ನಿಮ್ಮ ಚೀಟಿ ಅವರಿಗೆ ಬಾಯಿಪಾಠವಿರದು, ಜೊತೆಗೆ ಒಯ್ಯಿರಿ.

ತಲೆಸುತ್ತಿಲ್ಲ, ವಾಸಿಯಾಯಿತೆಂದು ಸುಗ್ಗಿಯ ಗಡಿಬಿಡಿಯಲ್ಲಿ ಬಿ.ಪಿ. ಮಾತ್ರೆ ಬಿಡುವವರುಂಟು. ಅದು ಮಾತ್ರೆಯಿಂದ ಹತೋಟಿಯಲ್ಲಿದೆಯೇ ಹೊರತು ವಾಸಿಯಾಗಿಲ್ಲ. ಬಿಟ್ಟರೆ ಲಕ್ವ ಹೊಡೆಯುವ ಭಯ. ಅಳೆದಾಗಲೆಲ್ಲ 140/90 ದಾಟುತ್ತಿದ್ದರೆ ವೈದ್ಯರನ್ನು ಕಾಣಿರಿ. ದುಡ್ಡಿನ ಚಿಂತೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆ ಉಚಿತ. ಅಲ್ಲಿ ಸಿಗದಿದ್ದರೆ ಜನೌಷಧಿ ಅಂಗಡಿಯಲ್ಲಿ ಅಗ್ಗ. ಮಾತ್ರೆ ಮುಗಿಯಲು ವಾರವಿರುವಾಗಲೇ, ಸಂತೆಗೆ ಹೋದ ದಿನ ತಂದಿಟ್ಟುಕೊಳ್ಳಿ.